ವಾರಕ್ಕೆ ಹದಿನೈದು ಬಗೆಯ ಹಣ್ಣು–ತರಕಾರಿ: ಕೊಡಗಿನ ಅಡುಗೆಮನೆಗೊಂದು ಸಮಗ್ರ ಮಾರ್ಗದರ್ಶಿ

ಹಣ್ಣು, ತರಕಾರಿ ಹೆಚ್ಚು ತಿನ್ನಬೇಕೆಂಬುದು ಎಲ್ಲರಿಗೂ ತಿಳಿದ ಮಾತೇ. ಆದರೂ ಅನೇಕರು ಮತ್ತೆ ಮತ್ತೆ ಎಡವುವುದು ಒಂದೇ ಕಡೆ. ವೈದ್ಯರು ಹೇಳಿದರೆಂದು ಒಂದು ಶುಕ್ರವಾರ ಮಡಿಕೇರಿ ಸಂತೆಯಿಂದ ಎರಡು ಚೀಲ ತುಂಬ ತರಕಾರಿ ಬರುತ್ತದೆ. ಸೋಮವಾರದ ಹೊತ್ತಿಗೆ ಸೊಪ್ಪು ಹಳದಿಯಾಗಿ ಲೋಳೆ ಬಿಡುತ್ತದೆ, ಮಂಗಳವಾರ ಹಾಗಲಕಾಯಿ ಹಣ್ಣಾಗುತ್ತದೆ, ಬುಧವಾರ ಮನೆಯವರು ಆಲೂಗಡ್ಡೆ ಪಲ್ಯಕ್ಕೆ ಮರಳುತ್ತಾರೆ. ಮುಂದಿನ ಸಂತೆಗೆ ಚೀಲ ಚಿಕ್ಕದಾಗುತ್ತದೆ. ಒಂದೆರಡು ತಿಂಗಳಲ್ಲಿ ಆಲೂಗಡ್ಡೆ, ಟೊಮೆಟೊ, ಬೀನ್ಸ್, ಎಲೆಕೋಸು ಮತ್ತು ಬಾಳೆಹಣ್ಣಿನ ಹಳೆಯ ಸುತ್ತಿಗೇ ಅಡುಗೆಮನೆ ಬಂದು ನಿಲ್ಲುತ್ತದೆ.

ಇಲ್ಲಿ ತಪ್ಪಿದ್ದು ಮನಸ್ಸಲ್ಲ, ಕೆಲಸದ ಕ್ರಮ. ಕೊಂಡ ಮೇಲೆ ಯೋಚಿಸುವುದನ್ನು ಬಿಟ್ಟು ಮೊದಲು ಎಣಿಸಿ, ಆಮೇಲೆ ಗುಂಪು ಮಾಡಿ, ಅನಂತರ ಕೊಂಡು, ಕೆಡುವ ಸರದಿಯಂತೆ ಬೇಯಿಸಿದರೆ ಖರ್ಚು ಹೆಚ್ಚಿಸದೆಯೇ ವೈವಿಧ್ಯ ಬರುತ್ತದೆ. ಮುಂದಿನ ಹಂತಗಳನ್ನು ಬರೆದಿರುವ ಸರದಿಯಲ್ಲಿಯೇ ಮಾಡಬೇಕು. ಮೂರನೆಯದನ್ನು ಬಿಟ್ಟು ನಾಲ್ಕಕ್ಕೆ ಹಾರಿದವರೇ ಹೆಚ್ಚಾಗಿ ಸೋಲುತ್ತಾರೆ.

ಬೇಕಾಗುವ ಸಾಮಗ್ರಿ

ಒಂದು ನೋಟುಪುಸ್ತಕ ಮತ್ತು ದಾರದಲ್ಲಿ ಕಟ್ಟಿದ ಪೆನ್ನು ಅಡುಗೆಮನೆಯಲ್ಲೇ ಇರಲಿ. ಫೋನಿನಲ್ಲಿ ಬರೆಯಲು ಹೊರಟವರು ಒದ್ದೆ ಕೈಯ ನೆಪದಲ್ಲಿ ಬಿಟ್ಟುಬಿಡುತ್ತಾರೆ. ಅಡುಗೆಮನೆಯ ಚಿಕ್ಕ ತಕ್ಕಡಿ ಇದ್ದರೆ ಒಳ್ಳೆಯದು, ಅದು ಮೊದಲ ಎರಡು ವಾರಕ್ಕಷ್ಟೇ ಬೇಕಾಗುತ್ತದೆ. ಸೊಪ್ಪು ತೊಳೆಯಲು ಎರಡು ಅಗಲವಾದ ಪಾತ್ರೆ, ಸುತ್ತಿಡಲು ಒಗೆದು ಒಣಗಿಸಿದ ಹತ್ತಿ ಬಟ್ಟೆಯ ನಾಲ್ಕಾರು ತುಂಡು, ಗಾಳಿಯಾಡುವ ಎರಡು ಬುಟ್ಟಿ, ಮುಚ್ಚಳ ಸರಿಯಾಗಿ ಕೂರುವ ಒಂದು ಬಾಣಲೆ ಇಷ್ಟಿದ್ದರೆ ಸಾಕು. ಜ್ಯೂಸ್ ತೆಗೆಯುವ ಯಂತ್ರ ಈ ಕೆಲಸಕ್ಕೆ ಬೇಕಿಲ್ಲ. ಅದು ಬಂದ ಮನೆಯಲ್ಲಿ ಹಣ್ಣಿನ ನಾರು ಕಸದ ಬುಟ್ಟಿಗೆ ಹೋಗಿ, ಸಕ್ಕರೆಯ ಡಬ್ಬಿ ಬೇಗ ಖಾಲಿಯಾಗುವುದೇ ಹೆಚ್ಚು.

ಹಂತ 1: ಏಳು ದಿನ ಏನನ್ನೂ ಬದಲಿಸದೆ ಬರೆಯಿರಿ

ಮೊದಲ ವಾರ ಊಟದಲ್ಲಿ ಯಾವ ಸುಧಾರಣೆಯೂ ಬೇಡ. ಪ್ರತಿದಿನ ರಾತ್ರಿ ಆ ದಿನ ಮನೆಯಲ್ಲಿ ತಿಂದ ಹಣ್ಣು–ತರಕಾರಿಗಳ ಹೆಸರನ್ನು ಮಾತ್ರ ಬರೆಯಬೇಕು. ಒಂದು ಬಗೆಯನ್ನು ವಾರದಲ್ಲಿ ಎಷ್ಟು ಸಲ ತಿಂದರೂ ಲೆಕ್ಕಕ್ಕೆ ಒಂದೇ.

ಎಣಿಕೆಯಲ್ಲಿ ಕೆಲವು ನಿಯಮಗಳಿವೆ. ಒಗ್ಗರಣೆಗೆ ಹಾಕುವ ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸು, ಕರಿಬೇವು ಲೆಕ್ಕಕ್ಕಿಲ್ಲ. ಆಲೂಗಡ್ಡೆ, ಗೆಣಸು, ಮರಗೆಣಸುಗಳನ್ನು ಅನ್ನ, ಕಡಂಬುಟ್ಟುಗಳ (ಅಕ್ಕಿತರಿಯ ಕಡುಬು) ಸಾಲಿಗೆ ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆಯೂ ಹಣ್ಣು–ತರಕಾರಿಯ ದಿನದ ಲೆಕ್ಕದಿಂದ ಪಿಷ್ಟದ ಗೆಡ್ಡೆಗಳನ್ನು ಹೊರಗಿಡುತ್ತದೆ. ಉಪ್ಪಿನಕಾಯಿಯನ್ನು ತರಕಾರಿಯೆಂದು ಬರೆಯಬೇಡಿ, ಅದರಲ್ಲಿ ತರಕಾರಿಗಿಂತ ಉಪ್ಪಿನ ಪಾಲೇ ಗಮನಿಸಬೇಕಾದದ್ದು. ಸಾಂಬಾರಿನ ತಳದಲ್ಲಿ ಎರಡು ಹೋಳು ಮೂಲಂಗಿ ಸಿಕ್ಕಿದ್ದರೆ ಅರ್ಧ ಗುರುತು ಹಾಕಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಬರೆಯುತ್ತಿದ್ದೇವೆಂಬ ಕಾರಣಕ್ಕೇ ಆ ವಾರ ಚೆನ್ನಾಗಿ ತಿನ್ನುವುದು. ಮದುವೆ, ನಾಮಕರಣಗಳಿರುವ ವಾರವೂ ಬೇಡ. ಅಲ್ಲಿ ಎಲೆಯ ಮೇಲೆ ಬಡಿಸಿದ್ದೆಲ್ಲ ಸೇರಿ ಲೆಕ್ಕ ಸುಳ್ಳಾಗುತ್ತದೆ. ಪ್ರಾಮಾಣಿಕವಾಗಿ ಬರೆದರೆ ಹೆಚ್ಚಿನ ಮನೆಗಳ ಸಂಖ್ಯೆ ಹತ್ತರೊಳಗೇ ನಿಲ್ಲುತ್ತದೆ. ಗುರಿ 15. ಈ ಸಂಖ್ಯೆ ಯಾವ ಸಂಸ್ಥೆಯ ನಿಯಮವೂ ಅಲ್ಲ, ಎಣಿಸಲು ಅನುಕೂಲವೆಂದು ನಾನು ಇಟ್ಟುಕೊಂಡ ಗೆರೆಯಷ್ಟೇ.

ಹಂತ 2: ಪ್ರಮಾಣವನ್ನು ಒಮ್ಮೆ ತೂಗಿ ನೋಡಿ

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು–ತರಕಾರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು, ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕಾಗುವ ವಯಸ್ಕರ ತಟ್ಟೆಯಲ್ಲಿ ಸೊಪ್ಪೂ ಸೇರಿ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣನ್ನು ತೋರಿಸುತ್ತದೆ. ಇವೆಲ್ಲ ಹಸಿಯಾಗಿದ್ದಾಗಿನ ತೂಕ.

ನಾಲ್ಕು ಜನ ವಯಸ್ಕರಿರುವ ಮನೆಗೆ ಈ ಲೆಕ್ಕದಲ್ಲಿ ದಿನಕ್ಕೆ 1.6 ಕಿಲೊ, ವಾರಕ್ಕೆ ಸುಮಾರು 11 ಕಿಲೊ ತರಕಾರಿ ಬೇಕು. ಹಣ್ಣು ವಾರಕ್ಕೆ 3 ಕಿಲೊದಷ್ಟು. ಇದನ್ನು ಕೇಳಿ ಗಾಬರಿಯಾಗಬೇಡಿ. ಒಂದು ದಿನ ನಿಮ್ಮ ಮನೆಯ ಪಲ್ಯ, ಸಾರಿಗೆ ಹೆಚ್ಚಿದ ತರಕಾರಿಯನ್ನು ತೂಗಿ ನೋಡಿ, ಈಗ ಎಲ್ಲಿದ್ದೀರೆಂದು ತಿಳಿಯುತ್ತದೆ. ಅಲ್ಲಿಂದ ವಾರಕ್ಕೆ ಒಂದು ಹಿಡಿಯಂತೆ ಏರಿಸುತ್ತ ಹೋದರೆ ಸಾಕು. ಒಮ್ಮೆಗೇ ಇಮ್ಮಡಿ ಮಾಡಿದವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಏಕೆಂದರೆ ಹೆಚ್ಚಿದ ನಾರಿಗೆ ಕರುಳು ಹೊಂದಿಕೊಳ್ಳಲು ಸಮಯ ಬೇಕು. ನಾರು ಹೆಚ್ಚಿಸುವಾಗ ನೀರು ಕುಡಿಯುವುದನ್ನೂ ಹೆಚ್ಚಿಸಬೇಕು. ಕೊಡಗಿನ ಚಳಿಯಲ್ಲಿ ಬಾಯಾರಿಕೆಯೇ ಆಗದೆ ಇದನ್ನು ಮರೆಯುವವರು ಬಹಳ.

ಹಂತ 3: ಬರೆದದ್ದನ್ನು ಆರು ಗುಂಪಾಗಿ ಹಂಚಿ

ಒಂದೇ ತರಕಾರಿಯನ್ನು ಎಷ್ಟು ತಿಂದರೂ ದೇಹಕ್ಕೆ ಬೇಕಾದ ಎಲ್ಲವೂ ಅದರಲ್ಲಿ ಸಿಗದು. ಹಣ್ಣು–ತರಕಾರಿಗಳನ್ನು ಸಾಕಷ್ಟು ತಿನ್ನುವವರಲ್ಲಿ ಹೃದ್ರೋಗ, ಪಾರ್ಶ್ವವಾಯು ಮತ್ತು ಜೀರ್ಣಾಂಗದ ಕೆಲವು ಕ್ಯಾನ್ಸರುಗಳ ಅಪಾಯ ಕಡಿಮೆಯೆಂದು ಕಂಡುಬಂದಿದೆ. ಆ ಪ್ರಯೋಜನ ಬರುವುದು ನಾರು, ಪೊಟ್ಯಾಸಿಯಂ, ಫೋಲೇಟ್ (ಒಂದು ಬಿ ವಿಟಮಿನ್), ವಿಟಮಿನ್‌ಗಳು ಮತ್ತು ಬಣ್ಣ ಕೊಡುವ ಸಸ್ಯಾಂಶಗಳು ಒಟ್ಟಾಗಿ ಕೆಲಸ ಮಾಡುವುದರಿಂದ. ಹಾಗಾಗಿ ಹೆಸರುಗಳ ಸಂಖ್ಯೆಗಿಂತ ಗುಂಪುಗಳ ಹಂಚಿಕೆ ಮುಖ್ಯ. ನೋಟುಪುಸ್ತಕದಲ್ಲಿ ಆರು ಕಾಲಂ ಎಳೆಯಿರಿ.

ಮೊದಲನೆಯದು ಸೊಪ್ಪು. ಹರಿವೆ, ದಂಟು, ಬಸಳೆ, ಮೆಂತ್ಯ, ಪಾಲಕ್, ನುಗ್ಗೆ, ಕೆಸುವಿನ ಎಲೆ, ಒಂದೆಲಗ ಎಲ್ಲ ಇಲ್ಲಿಗೆ. ಫೋಲೇಟ್, ಕಬ್ಬಿಣ, ವಿಟಮಿನ್ ಕೆ ಮತ್ತು ಬೀಟಾ ಕ್ಯಾರೋಟಿನ್‌ಗಳ ದೊಡ್ಡ ಮೂಲ ಇದು. ಹೆಚ್ಚಿನ ನೋಟುಪುಸ್ತಕಗಳಲ್ಲಿ ಖಾಲಿಯಿರುವ ಕಾಲಂ ಕೂಡ ಇದೇ.

ಎರಡನೆಯದು ಹಳದಿ–ಕೇಸರಿ ತಿರುಳಿನವು: ಸಿಹಿಗುಂಬಳ, ಕ್ಯಾರೆಟ್, ಪಪ್ಪಾಯಿ, ಮಾವು. ಇವುಗಳ ಬೀಟಾ ಕ್ಯಾರೋಟಿನ್ ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗಿ ಕಣ್ಣಿಗೆ, ಚರ್ಮಕ್ಕೆ, ಸೋಂಕು ತಡೆಯಲು ಒದಗುತ್ತದೆ. ಬಣ್ಣ ನೋಡಿ ಕಿತ್ತಳೆಯನ್ನು ಇಲ್ಲಿ ಸೇರಿಸಬೇಡಿ. ಅದರ ಜಾಗ ಮೂರನೆಯದು.

ಮೂರನೆಯದು ವಿಟಮಿನ್ ಸಿ ಗುಂಪು: ಕಿತ್ತಳೆ, ಸೀಬೆ, ನೆಲ್ಲಿಕಾಯಿ, ನಿಂಬೆ, ಚಕ್ಕೋತ. ಕೊಡಗಿನ ಕಿತ್ತಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇರುವುದು ಸರಿ, ಆದರೆ ವಿಟಮಿನ್ ಸಿ ಲೆಕ್ಕದಲ್ಲಿ ಹಿತ್ತಲಿನ ಸೀಬೆ ಅದನ್ನು ಬಹಳ ಹಿಂದಿಕ್ಕುತ್ತದೆ: 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಮಿನ ಆಸುಪಾಸು ಇದ್ದರೆ ಕಿತ್ತಳೆ ಜಾತಿಯ ಹಣ್ಣುಗಳಲ್ಲಿ ಇರುವುದು ಅದರ ಕಾಲು ಭಾಗದಷ್ಟು ಅಥವಾ ಇನ್ನೂ ಕಡಿಮೆ. ಕೊಡವರು ಚಟ್ನಿಯಂಥ ಪಜ್ಜಿಗೆ ಬಳಸುವ ಕೈಪುಳಿಯೂ (ಕಹಿ ಕಿತ್ತಳೆ) ಇದೇ ಕಾಲಂಗೆ.

ನಾಲ್ಕನೆಯದು ಕೆಂಪು–ನೇರಳೆ ಬಣ್ಣದವು: ಬೀಟ್‌ರೂಟ್, ಟೊಮೆಟೊ, ನೇರಳೆಹಣ್ಣು, ಬದನೆ, ಕೆಂಪು ಹರಿವೆ, ದಾಳಿಂಬೆ. ಕೆಂಪು ಹರಿವೆ ಸೊಪ್ಪಿನ ಕಾಲಂನಲ್ಲಿ ಬಂದಿದ್ದರೆ ಇಲ್ಲಿ ಮತ್ತೆ ಬರೆಯಬಾರದು. ಟೊಮೆಟೊಗೆ ಕೆಂಪು ಬಣ್ಣ ಕೊಡುವ ಲೈಕೋಪೀನ್ ಬೇಯಿಸಿದಾಗ ದೇಹಕ್ಕೆ ಹೆಚ್ಚು ದಕ್ಕುತ್ತದೆ.

ಐದನೆಯದು ಕೋಸು–ಮೂಲಂಗಿ ಬಳಗ: ಎಲೆಕೋಸು, ಹೂಕೋಸು, ನವಿಲುಕೋಸು, ಮೂಲಂಗಿ. ಆರನೆಯದು ಬಳ್ಳಿಕಾಯಿ ಮತ್ತು ಅವರೆ ಬಳಗ: ಸೌತೆ, ಹೀರೆ, ಪಡವಲ, ಹಾಗಲ, ಸೀಮೆಬದನೆ, ಜೊತೆಗೆ ಬೀನ್ಸ್, ಅಲಸಂದೆ, ಹಸಿ ಅವರೆ. ಎಲ್ಲಿಯೂ ಹೊಂದದ ಬಾಳೆದಿಂಡು, ಬಾಳೆಹೂವು, ಎಳೆ ಹಲಸು, ಕಣಿಲೆ (ಎಳೆ ಬಿದಿರು), ಬಾಳೆಹಣ್ಣು, ಬೆಣ್ಣೆಹಣ್ಣುಗಳನ್ನು ಅಂಚಿನಲ್ಲಿ ಬರೆದುಕೊಳ್ಳಿ. ಹದಿನೈದರ ಎಣಿಕೆಗೆ ಅವೂ ಸೇರುತ್ತವೆ.

ಈಗ ಯಾವ ಕಾಲಂ ಖಾಲಿ ಎಂದು ನೋಡಿ. ಮುಂದಿನ ಸಂತೆಯ ಪಟ್ಟಿ ಅಲ್ಲಿಂದಲೇ ಹುಟ್ಟಬೇಕು.

ಹಂತ 4: ಸಂತೆಗೆ ಪಟ್ಟಿ ಹಿಡಿದು ಹೋಗಿ

ಮಡಿಕೇರಿಯಲ್ಲಿ ಶುಕ್ರವಾರ, ಸೋಮವಾರಪೇಟೆಯಲ್ಲಿ ಸೋಮವಾರ, ಶನಿವಾರಸಂತೆಯಲ್ಲಿ ಶನಿವಾರ ಹೀಗೆ ನಿಮ್ಮೂರಿನ ಸಂತೆ ಯಾವ ದಿನವೋ ಅದರ ಹಿಂದಿನ ರಾತ್ರಿ ಪಟ್ಟಿ ಬರೆಯಿರಿ. ವಾರಕ್ಕೆ ಹೊಸದಾಗಿ ಎರಡೇ ಬಗೆ ಸೇರಿಸಬೇಕು, ಅವೂ ಖಾಲಿ ಕಾಲಂನವು. ಹೊಸದನ್ನು ಹೊಸ ಅಡುಗೆಯಾಗಿ ತರದೆ ಮನೆಯವರಿಗೆ ಪರಿಚಿತ ಅಡುಗೆಯೊಳಗೆ ತೂರಿಸುವುದು ಜಾಣತನ. ಬೀನ್ಸ್ ಪಲ್ಯದ ಒಗ್ಗರಣೆಯಲ್ಲೇ ಅಲಸಂದೆ, ಆಲೂಗಡ್ಡೆಯ ಜಾಗದಲ್ಲಿ ಸೀಮೆಬದನೆ, ಟೊಮೆಟೊ ಸಾರಿಗೆ ಒಂದು ಹಿಡಿ ಹರಿವೆ, ಅಕ್ಕಿರೊಟ್ಟಿಯ ಹಿಟ್ಟಿಗೆ ತುರಿದ ಸಿಹಿಗುಂಬಳ.

ಕೊಳ್ಳುವಾಗ ಗಟ್ಟಿಯಾದದ್ದನ್ನು ಮೊದಲು, ಸೊಪ್ಪನ್ನು ಕೊನೆಗೆ ಕೊಳ್ಳಬೇಕು. ಮೊದಲೇ ಸೊಪ್ಪು ಕೊಂಡು ಅದರ ಮೇಲೆ ಕುಂಬಳಕಾಯಿ ಇಟ್ಟ ಚೀಲವನ್ನು ಮನೆಯಲ್ಲಿ ಬಿಚ್ಚಿದಾಗ, ಜಜ್ಜಿದ ಎಲೆಗಳು ಅಂದೇ ಕಪ್ಪಾಗಿರುತ್ತವೆ.

ಗುಣಮಟ್ಟಕ್ಕೆ ಕೈಯೇ ಪರೀಕ್ಷೆ. ಬೀನ್ಸ್ ಬಗ್ಗಿಸಿದರೆ ಟಕ್ಕನೆ ಮುರಿಯಬೇಕು, ಬೆಂಡೆಯ ತುದಿಯೂ ಹಾಗೆಯೇ. ಸೋರೆಯ ಸಿಪ್ಪೆಗೆ ಉಗುರು ಸುಲಭವಾಗಿ ಇಳಿಯಬೇಕು. ಸೊಪ್ಪನ್ನು ಬೇರು ಸಹಿತ ಇರುವ ಕಟ್ಟು ನೋಡಿ ಕೊಳ್ಳಿ, ಕಟ್ಟಿನ ಒಳಗೆ ಬೆರಳು ತೂರಿಸಿ ನೋಡಿ. ಹೊರಗೆ ನೀರು ಚಿಮುಕಿಸಿ ತಾಜಾ ಕಾಣುವಂತೆ ಮಾಡಿದ ಕಟ್ಟಿನ ನಡುವೆ ಬೆಚ್ಚಗೆ, ಜಿಗುಟಾಗಿದ್ದರೆ ಅದು ಕೊಳೆಯಲು ಆರಂಭಿಸಿದೆ ಎಂದರ್ಥ.

ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ, ಕಿತ್ತ ಮೇಲೆ ಕೆಲವು ದಿನಗಳಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಒಂದು ಮೆತ್ತಗಿನದು, ಎರಡು ಗಟ್ಟಿಯವು ಹೀಗೆ ಆರಿಸಿದರೆ ವಾರವಿಡೀ ಒದಗುತ್ತದೆ. ಬೆರಳ ತುದಿಯಿಂದ ಒತ್ತಬೇಡಿ, ಒತ್ತಿದಲ್ಲಿ ಕಪ್ಪಾಗುತ್ತದೆ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಅದುಮಿ ನೋಡಿ. ಅದರಲ್ಲಿ ಕೊಬ್ಬು 100 ಗ್ರಾಮಿಗೆ ಸುಮಾರು 15 ಗ್ರಾಂ ಇದ್ದು, ಬಹುಪಾಲು ಒಳ್ಳೆಯ ಬಗೆಯದೇ. ಆದರೂ ಸಕ್ಕರೆ, ಹಾಲು ಹಾಕಿ ದೊಡ್ಡ ಲೋಟದ ಮಿಲ್ಕ್‌ಶೇಕ್ ಮಾಡಿದರೆ ಅದು ಹಣ್ಣಿನ ಲೆಕ್ಕಕ್ಕಿಂತ ಸಿಹಿತಿಂಡಿಯ ಲೆಕ್ಕಕ್ಕೆ ಹತ್ತಿರ.

ಎಚ್ಚರಿಕೆಯ ಚಿಹ್ನೆ: ಇಡೀ ಗೊನೆ ಒಂದೇ ಸಮನೆ ಹಳದಿಯಾಗಿ, ತೊಟ್ಟು ಮಾತ್ರ ಹಸಿರಾಗಿದ್ದು, ಸುಲಿದರೆ ಪರಿಮಳವೂ ಇಲ್ಲದ, ಒಳಗೆ ಗಟ್ಟಿಯಾದ ಬಾಳೆಹಣ್ಣು ಕಂಡರೆ ಕೃತಕವಾಗಿ ಮಾಗಿಸಿದ ಅನುಮಾನಕ್ಕೆ ಎಡೆಯಿದೆ. ಹಣ್ಣು ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದನ್ನು ಕಾನೂನು ನಿಷೇಧಿಸಿದೆ. ಅಂಥ ಹಣ್ಣನ್ನು ಬಿಡಿ, ಹಿತ್ತಲಿನಲ್ಲಿ ಬಲಿತ ಗೊನೆ ಸಿಕ್ಕರೆ ಅದನ್ನೇ ತಂದು ಮನೆಯಲ್ಲಿ ಹಣ್ಣಾಗಲು ಬಿಡಿ.

ಹಂತ 5: ಹಿತ್ತಲು, ತೋಟಗಳಿಂದ ತರುವುದಕ್ಕೂ ಒಂದು ಕ್ರಮವಿದೆ

ಕೊಡಗಿನ ಮನೆಗಳಿಗಿರುವ ಅನುಕೂಲ ಪೇಟೆಯವರಿಗಿಲ್ಲ. ಕಾಫಿ ತೋಟದ ನೆರಳಿನಲ್ಲೇ ಸೀಬೆ, ಹಲಸು, ಚಕ್ಕೋತ, ಬೆಣ್ಣೆಹಣ್ಣು, ಕಾಡುಮಾವು ಸಿಗುತ್ತವೆ, ಗದ್ದೆ ಅಂಚಿನಲ್ಲಿ ಕೆಸ, ಒಂದೆಲಗ ಬೆಳೆಯುತ್ತವೆ. ಆದರೆ ತೋಟದ ಸೊಪ್ಪೆಂದರೆ ವಿಷರಹಿತವೆಂದು ನಂಬುವುದು ದೊಡ್ಡ ತಪ್ಪು. ಕಾಫಿ, ಕಾಳುಮೆಣಸಿಗೆ ಬೋರ್ಡೋ ದ್ರಾವಣ (ಮೈಲುತುತ್ತ–ಸುಣ್ಣದ ಶಿಲೀಂಧ್ರನಾಶಕ) ಸಿಂಪಡಿಸಿದಾಗ ಅದರ ತಾಮ್ರ ಕೆಳಗಿನ ಎಲೆಗಳ ಮೇಲೂ ಬೀಳುತ್ತದೆ. ಕಳೆನಾಶಕ ಹೊಡೆದ ಸಾಲುಗಳಲ್ಲಿ ಸೊಪ್ಪು ಒಂದೆರಡು ದಿನ ಹಸಿರಾಗಿಯೇ ಕಂಡು ಆಮೇಲೆ ಬಾಡುತ್ತದೆ, ಅಪಾಯವಿರುವುದು ಆ ಹಸಿರಿನಲ್ಲೇ. ಕೀಳುವ ಮೊದಲು ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿ: ಯಾವ ಸಾಲಿಗೆ, ಯಾವಾಗ, ಏನು ಹೊಡೆದರು? ಉತ್ತರ ಖಚಿತವಿಲ್ಲದಿದ್ದರೆ ಕೀಳಬೇಡಿ. ಎಲೆಯ ಮೇಲೆ ನೀಲಿ–ಬಿಳಿ ಕಲೆ ಒಣಗಿದ್ದರೆ ಕೇಳುವ ಅಗತ್ಯವೂ ಇಲ್ಲ.

ಮನೆಯ ಹತ್ತಿರ ಸಿಂಪಡಣೆ ತಾಗದ ಒಂದು ಚಿಕ್ಕ ಮಡಿಯನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಇದಕ್ಕೆ ಸರಿಯಾದ ಪರಿಹಾರ. ಬಸಳೆ, ಹರಿವೆ, ಚಕ್ರಮುನಿ, ಸೀಮೆಬದನೆ ಬಳ್ಳಿ ಅಲ್ಲಿರಲಿ. ಹಣ್ಣಿನ ಗಿಡ ನೆಡುವ ಯೋಚನೆಯಿದ್ದರೆ ಚೆಟ್ಟಳ್ಳಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವನ್ನು ವಿಚಾರಿಸಬಹುದು. ಕೊಡಗಿನ ಕಿತ್ತಳೆ, ಬೆಣ್ಣೆಹಣ್ಣು, ರಂಬುಟಾನ್‌ಗಳ ಮೇಲೆ ಅಲ್ಲಿ ಕೆಲಸ ನಡೆದಿದೆ.

ಮಳೆಗಾಲವೇ ನಿಜವಾದ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಕೊಳೆಯುತ್ತದೆ, ರಸ್ತೆ ಕಡಿದುಹೋದರೆ ಸಂತೆಗೆ ಮಾಲೇ ಬರುವುದಿಲ್ಲ, ಕರೆಂಟು ಹೋದರೆ ಫ್ರಿಜ್ಜೂ ಬರಿಯ ಕಪಾಟು. ಆದ್ದರಿಂದ ಮೇ ತಿಂಗಳಲ್ಲೇ ಬಲಿತ ಸಿಹಿಗುಂಬಳ, ಬೂದುಗುಂಬಳ, ಹಣ್ಣುಸೌತೆಗಳನ್ನು ಒಂದಕ್ಕೊಂದು ತಾಗದಂತೆ ಅಟ್ಟದಲ್ಲಿ ಅಥವಾ ಒಲೆಯ ಮೇಲ್ಭಾಗದಲ್ಲಿ ತೂಗುಹಾಕಿ. ತೊಟ್ಟು ಮುರಿದದ್ದನ್ನು ಇಡಬೇಡಿ, ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟಿದ್ದರೆ ಅಡುಗೆಗೆ ಮೊದಲು ಎರಡು–ಮೂರು ನೀರಿನಲ್ಲಿ ನೆನೆಸಿ ಉಪ್ಪು ಇಳಿಸಿ.

ಮಳೆಗಾಲಕ್ಕೇ ಮೀಸಲಾದವೂ ಇವೆ: ಕಣಿಲೆ, ಕೆಸ, ಕೊಡವರ ಮನೆಯ ತೆರ್ಮೆ ತೊಪ್ಪು (ಜರಿಗಿಡದ ಎಳೆ ಚಿಗುರು), ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮದ್ದುಸೊಪ್ಪು. ಇವು ನಿಮ್ಮ ಎಣಿಕೆಯನ್ನು ಸುಲಭವಾಗಿ ಏರಿಸುತ್ತವೆ. ತೆರ್ಮೆಯನ್ನು ಗುರುತು ತಿಳಿದವರಿಂದಲೇ ಕೊಯ್ಯಿಸಿ, ಬೇಯಿಸಿಯೇ ತಿನ್ನಿ. ಜರಿಗಿಡಗಳಲ್ಲಿ ತಿನ್ನಬಾರದ ಜಾತಿಗಳಿವೆ.

ಕಾಡಿನ ಅಣಬೆಯ ಮಾತು ಬೇರೆ. ವಿಷದ ಅಣಬೆಯೊಡನೆ ಬೆಳ್ಳಿ ನಾಣ್ಯ ಹಾಕಿದರೆ ಕಪ್ಪಾಗುತ್ತದೆ, ಹುಳು ತಿಂದದ್ದಾದರೆ ಮನುಷ್ಯರೂ ತಿನ್ನಬಹುದು, ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಮೂರೂ ಮಾತು ಸುಳ್ಳು. ಗುರುತಿನಲ್ಲಿ ಎಳ್ಳಷ್ಟು ಅನುಮಾನವಿದ್ದರೂ ಬಿಟ್ಟುಬಿಡಿ. ಎಣಿಕೆಯಲ್ಲಿ ಒಂದು ಕಡಿಮೆಯಾದರೆ ಏನೂ ಹೋಗುವುದಿಲ್ಲ.

ಹಂತ 6: ಕೆಡುವ ಸರದಿಯಲ್ಲಿ ಬೇಯಿಸಿ

ಸಂತೆಯಿಂದ ಬಂದ ದಿನವೇ ಎಲ್ಲವನ್ನೂ ಮೂರು ಪಾಲು ಮಾಡಿ. ಮೊದಲ ಎರಡು ದಿನ ಸೊಪ್ಪು, ಅಣಬೆ, ಬಾಳೆಹೂವು. ಮೂರು, ನಾಲ್ಕನೆಯ ದಿನ ಬೆಂಡೆ, ಬೀನ್ಸ್, ಹೀರೆ, ಹಾಗಲ, ಬದನೆ. ಕೊನೆಯ ದಿನಗಳಿಗೆ ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಸೀಮೆಬದನೆ, ಕುಂಬಳ. ಮಡಿಕೇರಿಯ ಶುಕ್ರವಾರದ ಲೆಕ್ಕ ಹಿಡಿದರೆ ಶುಕ್ರ–ಶನಿ ಸೊಪ್ಪಿನ ದಿನ, ಭಾನು–ಸೋಮ ಎಳೆ ಕಾಯಿಗಳ ದಿನ, ಉಳಿದ ಮೂರು ದಿನ ಗಟ್ಟಿ ತರಕಾರಿಯದು. ಭಾನುವಾರ ಮನೆಯಲ್ಲಿ ಪಂದಿಕರಿಯೋ ಕೋಳಿಯೋ ಆದರೂ ಬೀನ್ಸ್ ಪಲ್ಯವನ್ನು ಬಿಡಬೇಕಿಲ್ಲ, ಕಡಂಬುಟ್ಟಿನ ಪಕ್ಕದಲ್ಲಿ ಅದಕ್ಕೂ ಜಾಗವಿದೆ.

ಸೊಪ್ಪನ್ನು ತೊಳೆದು ಇಡಬೇಡಿ. ಮಣ್ಣು ಕೊಡವಿ, ಕೊಳೆತ ಎಲೆ ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟರೆ ಹೆಚ್ಚು ದಿನ ಬರುತ್ತದೆ. ಮಾಗಿದ ಬಾಳೆ, ಪಪ್ಪಾಯಿ, ಮಾವುಗಳನ್ನು ಸೊಪ್ಪು, ಸೌತೆಗಳ ಬುಟ್ಟಿಯಲ್ಲಿ ಇರಿಸಬಾರದು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಅವನ್ನು ಬೇಗ ಹಳದಿ ಮಾಡುತ್ತದೆ. ಅದೇ ಗುಣವನ್ನು ಬಳಸಿ, ಗಟ್ಟಿ ಬೆಣ್ಣೆಹಣ್ಣನ್ನು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಟ್ಟು ಬೇಗ ಮಾಗಿಸಬಹುದು.

ಹಂತ 7: ತೊಳೆಯುವುದು, ಹೆಚ್ಚುವುದು, ಬೇಯಿಸುವುದು

ಪೋಷಕಾಂಶ ಹೆಚ್ಚಾಗಿ ಕಳೆದುಹೋಗುವುದು ಈ ಹಂತದಲ್ಲಿ. ತೊಳೆದು ಆಮೇಲೆ ಹೆಚ್ಚಬೇಕು, ಹೆಚ್ಚಿ ಆಮೇಲೆ ತೊಳೆಯಬಾರದು. ವಿಟಮಿನ್ ಸಿ ಮತ್ತು ಫೋಲೇಟ್ ನೀರಿನಲ್ಲಿ ಕರಗುವಂಥವು. ಹೆಚ್ಚಿದ ಹೋಳನ್ನು ನೀರಿನಲ್ಲಿ ನೆನೆಹಾಕಿದರೆ ಅವು ಆ ನೀರಿನೊಂದಿಗೇ ಚರಂಡಿಗೆ ಹೋಗುತ್ತವೆ.

ಸೊಪ್ಪನ್ನು ಅಗಲವಾದ ಪಾತ್ರೆಯಲ್ಲಿ ಮುಳುಗಿಸಿ ಎತ್ತಿ ಎರಡನೆಯ ಪಾತ್ರೆಗೆ ಹಾಕಿ. ನೀರನ್ನು ಬಗ್ಗಿಸಿ ಚೆಲ್ಲಿದರೆ ತಳದ ಮರಳು ಮತ್ತೆ ಎಲೆಯ ಮೇಲೇ ಬೀಳುತ್ತದೆ. ತಳದಲ್ಲಿ ಮಣ್ಣು ಕಾಣದವರೆಗೆ ಹೀಗೆ ಮಾಡಿ. ಮಳೆಗಾಲದಲ್ಲಿ ಗದ್ದೆ ಬದಿಯಿಂದ ತಂದ ಸೊಪ್ಪಾದರೆ ಮೊದಲ ನೀರಿಗೆ ಒಂದು ಹಿಡಿ ಉಪ್ಪು ಹಾಕಿ, ಎಲೆಯ ಅಡಿಗೆ ಅಂಟಿದ ಇಂಬಳ (ಜಿಗಣೆ) ಬಿಟ್ಟುಕೊಳ್ಳುತ್ತದೆ. ಉಳಿದ ತರಕಾರಿಗೆ ಹರಿಯುವ ನೀರು, ಕೈಯಿಂದ ಉಜ್ಜುವುದು ಸಾಕು. ಸೋಪು, ಪಾತ್ರೆ ತೊಳೆಯುವ ಪುಡಿ ಬಳಸಲೇಬಾರದು.

ದೊಡ್ಡ ಹೋಳು, ಕಡಿಮೆ ನೀರು, ಮುಚ್ಚಿದ ಮುಚ್ಚಳ, ಕಡಿಮೆ ಹೊತ್ತು: ಪಲ್ಯಕ್ಕೆ ಈ ನಾಲ್ಕೇ ನಿಯಮ. ಬೀನ್ಸ್ ಹಸಿರು ಬಣ್ಣದಲ್ಲೇ ಇದ್ದು ಕಚ್ಚಿದರೆ ಸ್ವಲ್ಪ ಕರಕರ ಎನ್ನುವಾಗ ಇಳಿಸಿ. ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕುವ ರೂಢಿ ಬಿಡಿ, ಹಸಿರು ಉಳಿದರೂ ವಿಟಮಿನ್ ನಾಶವಾಗುತ್ತದೆ. ಬಸಿದ ನೀರನ್ನು ಸಾರಿಗೆ ಬಳಸಿ. ಒಂದು ಚಮಚದಷ್ಟಾದರೂ ಎಣ್ಣೆ ಅಥವಾ ತೆಂಗಿನ ತುರಿ ಇರಲಿ. ಸಿಹಿಗುಂಬಳ, ಸೊಪ್ಪುಗಳ ಬೀಟಾ ಕ್ಯಾರೋಟಿನ್ ಹೀರಿಕೊಳ್ಳಲು ದೇಹಕ್ಕೆ ಸ್ವಲ್ಪ ಕೊಬ್ಬು ಬೇಕೇ ಬೇಕು. ಮೂಲಂಗಿ, ಬೀಟ್‌ರೂಟ್, ನವಿಲುಕೋಸುಗಳ ಎಲೆ ಎಸೆಯುವ ಮನೆಯವರು ಸೊಪ್ಪಿಗೆಂದು ಬೇರೆ ದುಡ್ಡು ಕೊಡುತ್ತಿದ್ದಾರೆಂಬುದು ನನಗೆ ಯಾವಾಗಲೂ ವಿಚಿತ್ರವೆನಿಸುತ್ತದೆ.

ಬಸಿದ ನೀರನ್ನು ಚೆಲ್ಲಲೇಬೇಕಾದವು ಎರಡು. ಕಣಿಲೆಯಲ್ಲೂ ಮರಗೆಣಸಿನಲ್ಲೂ ಸಯನೈಡ್ ಬಿಡುಗಡೆ ಮಾಡುವ ಅಂಶಗಳಿವೆ. ಕಣಿಲೆಯ ಸಿಪ್ಪೆ ಸುಲಿದು, ತೆಳುವಾಗಿ ಹೆಚ್ಚಿ, ದಿನಕ್ಕೊಮ್ಮೆ ನೀರು ಬದಲಿಸುತ್ತ ಎರಡು–ಮೂರು ದಿನ ನೆನೆಸಿ, ಆಮೇಲೆ ಚೆನ್ನಾಗಿ ಕುದಿಸಿ ನೀರು ಬಸಿಯಬೇಕು. ಬೇಯಿಸಿದ ಮೇಲೂ ಕಹಿ ಉಳಿದಿದ್ದರೆ ತಿನ್ನಬೇಡಿ. ಮರಗೆಣಸನ್ನೂ ಸಿಪ್ಪೆ ತೆಗೆದು, ಮುಚ್ಚಳ ತೆರೆದಿಟ್ಟು ಕುದಿಸಿ ಬಸಿಯಿರಿ.

ಕೆಸುವಿನ ಎಲೆ ಗಂಟಲು ತುರಿಸುವುದು ಅದರ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಹಿಂದಿನಿಂದ ಹುಣಸೆ ಅಥವಾ ಕಾಚಂಪುಳಿ (ಕೊಡಗಿನ ಹಣ್ಣಿನ ಹುಳಿರಸ) ಸೇರಿಸಿ ಬೇಯಿಸುತ್ತಾ ಬಂದಿರುವುದು ಅದಕ್ಕೇ. ಪತ್ರೊಡೆ ಪೂರ್ತಿ ಬೇಯುವ ಮೊದಲು ರುಚಿ ನೋಡುವ ಆತುರ ಬೇಡ.

ಹಂತ 8: ತಟ್ಟೆ ಜೋಡಿಸುವುದು, ಕಾಫಿಯ ಹೊತ್ತು ಸರಿಸುವುದು

ತಟ್ಟೆಯ ಅರ್ಧವನ್ನು ತರಕಾರಿ, ಹಣ್ಣಿಗೆ ಬಿಡಿ. ಅನ್ನ ಬಡಿಸಿ ಉಳಿದ ಜಾಗಕ್ಕೆ ಪಲ್ಯ ಹಾಕುವುದು ರೂಢಿ. ಅದನ್ನು ತಿರುಗಿಸಿ ಪಲ್ಯ ಮೊದಲು ಬಡಿಸಿದರೆ ಯಾರಿಗೂ ಹೇಳದೆಯೇ ಪ್ರಮಾಣ ಬದಲಾಗುತ್ತದೆ.

ಸೊಪ್ಪಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ದೇಹಕ್ಕೆ ಸೇರುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರುವಿಕೆ ಹೆಚ್ಚುತ್ತದೆ, ಕಾಫಿ, ಚಹಾ ಇದ್ದರೆ ಕುಗ್ಗುತ್ತದೆ. ಹರಿವೆ ಪಲ್ಯ ತಿಂದು ಕೈ ತೊಳೆಯುವಷ್ಟರಲ್ಲಿ ಲೋಟದ ಕಾಫಿ ಬರುವ ನಮ್ಮ ಜಿಲ್ಲೆಯಲ್ಲಿ, ರಕ್ತಹೀನತೆ ಇರುವವರು ಗಮನಿಸಬೇಕಾದ ಮೊದಲ ವಿಷಯ ಇದು. ಕಾಫಿ ಬಿಡಬೇಕಿಲ್ಲ, ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಊಟವಾಗಿ ಎರಡು ಗಂಟೆಯ ಮೇಲೆ ಕುಡಿಯಿರಿ. ಸೊಪ್ಪಿನ ಪಲ್ಯವನ್ನು ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಶಾಖಕ್ಕೆ ಹಾಳಾಗುತ್ತದೆ.

ಹಣ್ಣನ್ನು ಹಣ್ಣಾಗಿಯೇ ತಿನ್ನಿ, ಸಂಜೆ ಕಾಫಿಯೊಂದಿಗಿನ ಬಿಸ್ಕತ್ತಿನ ಜಾಗಕ್ಕೆ ತನ್ನಿ. ಬೇಡವೆನ್ನುವ ಮಕ್ಕಳಿಗೆ ಒತ್ತಾಯ ಬೇಡ, ಹೊಸ ತರಕಾರಿಯನ್ನು ಹಲವು ಸಲ ಚಿಕ್ಕ ತುತ್ತಾಗಿ ಮುಂದಿಡುತ್ತಿದ್ದರೆ ರುಚಿ ಹತ್ತುತ್ತದೆ. ಐದು ವರ್ಷದೊಳಗಿನವರಿಗೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ, ರಂಬುಟಾನಿನ ಬೀಜ ತೆಗೆದು ಕೊಡಿ. ಇಡಿಯಾಗಿ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ.

ಹಂತ 9: ನಿಲ್ಲಿಸಬೇಕಾದ, ವೈದ್ಯರನ್ನು ಕೇಳಬೇಕಾದ ಸಂದರ್ಭಗಳು

ಕಹಿ ಸೋರೆಕಾಯಿ: ಹೆಚ್ಚುವಾಗ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಎಸೆಯಿರಿ, ಬೇಯಿಸಿದರೂ ಸರಿಹೋಗುವುದಿಲ್ಲ. ಅದರ ಕುಕುರ್ಬಿಟಾಸಿನ್ ಅಂಶ ವಾಂತಿ, ರಕ್ತಭೇದಿ ತರಬಲ್ಲದು. ಕಹಿ ಸೋರೆಯ ರಸ ಕುಡಿದು ಸತ್ತವರೂ ಇದ್ದಾರೆ. ಸೌತೆಕಾಯಿ ಅಸಹಜವಾಗಿ ಕಹಿಯಾಗಿದ್ದರೂ ಇದೇ ನಿಯಮ. ಹಾಗಲಕಾಯಿಯ ಕಹಿ ಬೇರೆ ಬಗೆಯದು, ಅದಕ್ಕೆ ಈ ಭಯವಿಲ್ಲ.

ಚಕ್ರಮುನಿ: ಪಲ್ಯ, ಸಾರಿಗೆ ಹಿಡಿಯಷ್ಟು ಬೇಯಿಸಿ ಬಳಸಿ. ತೂಕ ಇಳಿಯುತ್ತದೆಂದು ಇದರ ಹಸಿ ರಸವನ್ನು ದಿನವೂ ಕುಡಿದವರಲ್ಲಿ ಶ್ವಾಸಕೋಶಕ್ಕೆ ಶಾಶ್ವತ ಹಾನಿಯಾದ ಪ್ರಕರಣಗಳು 1990ರ ದಶಕದಲ್ಲಿ ತೈವಾನಿನಲ್ಲಿ ವರದಿಯಾಗಿವೆ.

ಮೂತ್ರಪಿಂಡದ ಕಾಯಿಲೆ: ಇವರಿಗೆ ಈ ಮಾರ್ಗದರ್ಶಿಯ ಪ್ರಮಾಣ ಅನ್ವಯಿಸುವುದಿಲ್ಲ. ಪೊಟ್ಯಾಸಿಯಂ ದೇಹದಲ್ಲೇ ಉಳಿಯುವುದರಿಂದ ಬಾಳೆ, ಬೆಣ್ಣೆಹಣ್ಣು, ಸೊಪ್ಪುಗಳ ಮಿತಿಯನ್ನು ವೈದ್ಯರೇ ಹೇಳಬೇಕು. ನಕ್ಷತ್ರದಂತೆ ಹೋಳಾಗುವ ಧಾರೆಹುಳಿಯನ್ನು ಮಾತ್ರ ಇವರು ಮುಟ್ಟಲೇಬಾರದು. ಅದರ ವಿಷಾಂಶ ಮಿದುಳಿಗೆ ಏರಿ, ನಿಲ್ಲದ ಬಿಕ್ಕಳಿಕೆಯಿಂದ ಹಿಡಿದು ಅಪಸ್ಮಾರದವರೆಗೆ ಹೋಗಬಹುದು. ಬಿಕ್ಕಳಿಕೆ, ಗೊಂದಲ ಕಂಡರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮಾತ್ರೆ ನುಂಗುವವರು: ವಾರ್ಫರಿನ್ ಎಂಬ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಗೇ ಹೆಚ್ಚಿಸುವುದೂ ಸಲ್ಲದು, ಬಿಡುವುದೂ ಸಲ್ಲದು, ವಿಟಮಿನ್ ಕೆ ಏರುಪೇರಾದರೆ ಮಾತ್ರೆಯ ಪರಿಣಾಮವೂ ಏರುಪೇರಾಗುತ್ತದೆ. ಕೊಲೆಸ್ಟರಾಲ್, ರಕ್ತದೊತ್ತಡದ ಕೆಲವು ಮಾತ್ರೆಗಳೊಂದಿಗೆ ಚಕ್ಕೋತ ಹೊಂದುವುದಿಲ್ಲ, ನಿಮ್ಮ ಮಾತ್ರೆಯ ಹೆಸರು ಹೇಳಿ ವೈದ್ಯರನ್ನು ಕೇಳಿ.

ಸಕ್ಕರೆ ಕಾಯಿಲೆ: ಹಣ್ಣು ನಿಷಿದ್ಧವಲ್ಲ, ರಸ ಬೇಡ. ಹಲಸು, ಮಾವು, ನೇಂದ್ರಬಾಳೆಗಳನ್ನು ಊಟದ ಮೇಲೆ ಊಟವೆಂಬಂತೆ ತಿನ್ನದೆ, ಅನ್ನದ ಪಾಲು ಇಳಿಸಿ ಸ್ವಲ್ಪವೇ ತಿನ್ನಬೇಕು.

ಗಾಬರಿಯಾಗಬೇಕಿಲ್ಲದ ಒಂದು ಸಂಗತಿಯೂ ಇದೆ. ಆಗಸ್ಟ್ ಆರಂಭದಲ್ಲಿ ಮದ್ದುಸೊಪ್ಪಿನ ಪಾಯಸ ಉಂಡ ಮರುದಿನ ಮೂತ್ರ ಕೆಂಪಾಗುವುದು ಸಹಜ, ಬೀಟ್‌ರೂಟ್ ತಿಂದಾಗಲೂ ಕೆಲವರಿಗೆ ಹೀಗಾಗುತ್ತದೆ. ಊರಿಗೆ ಹೊಸದಾಗಿ ಬಂದ ಅತಿಥಿಗಳಿಗೆ ಮೊದಲೇ ಹೇಳಿಬಿಡಿ. ಎರಡನ್ನೂ ತಿನ್ನದೆ ಕೆಂಪು ಕಂಡರೆ, ಅಥವಾ ಎರಡು ದಿನ ಕಳೆದರೂ ಹೋಗದಿದ್ದರೆ ಪರೀಕ್ಷೆ ಮಾಡಿಸಬೇಕು.

ಹಂತ 10: ಐದನೆಯ ವಾರ ಮತ್ತೆ ಎಣಿಸಿ

ನಾಲ್ಕು ವಾರ ಕಳೆದ ಮೇಲೆ ಮೊದಲ ಹಂತದ ಏಳು ದಿನದ ಬರಹವನ್ನು ಇನ್ನೊಮ್ಮೆ ಮಾಡಿ, ಎರಡೂ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಸಂಖ್ಯೆ ಏರಿದ್ದರೂ ಸೊಪ್ಪಿನ ಕಾಲಂ ಖಾಲಿಯೇ ಇದ್ದರೆ ತೊಂದರೆ ಆರನೆಯ ಹಂತದಲ್ಲಿದೆ. ಸೊಪ್ಪು ಬರುತ್ತಿದೆ, ಬೇಯುವ ಮೊದಲೇ ಕೊಳೆಯುತ್ತಿದೆ. ಕಾಲಂಗಳು ತುಂಬಿದ್ದರೂ ಸಂಖ್ಯೆ ಹತ್ತನ್ನು ದಾಟದಿದ್ದರೆ ಪ್ರತಿ ವಾರ ಅದೇ ಅಂಗಡಿಯ ಮುಂದೆ ನಿಲ್ಲುತ್ತಿದ್ದೀರಿ. ಸಂತೆಯ ಇನ್ನೊಂದು ತುದಿಯಲ್ಲಿ ಗೋಣಿ ಹಾಸಿ ಹಿತ್ತಲಿನ ಬೆಳೆಯನ್ನು ಮಾರಲು ಕೂತಿರುವ ಅಜ್ಜಿಯಂದಿರ ಕಡೆ ಹೋಗಿ. ಎರಡೂ ಸರಿಯಿದ್ದು ಖರ್ಚು ಹೆಚ್ಚಿದೆ ಎನಿಸಿದರೆ ಪಟ್ಟಿಯಲ್ಲಿರುವ ಸೇಬು, ಕಿವಿಹಣ್ಣುಗಳನ್ನು ಹೊಡೆದುಹಾಕಿ ಅಲ್ಲಿ ಸೀಬೆ, ಪಪ್ಪಾಯಿ ಬರೆಯಿರಿ.